ಕೇಳದೇ ಆಗುವ ಸಮಾಧಾನ

ಪರದೆಯ ಮೇಲೆ ಒಂದು ಮುಖ ಬರುತ್ತದೆ. ಹೆದರಿದ ಮುಖ. ಅದರ ಮೇಲೆ ಅಡ್ಡಲಾಗಿ, ದಪ್ಪ ಅಕ್ಷರದಲ್ಲಿ, ‘ಸಂತೋಷ’ ಎಂದು ಬರೆದಿದೆ. ನಿಮ್ಮ ಕೆಲಸ ಇಷ್ಟೇ: ಬರೆದದ್ದನ್ನು ಬಿಟ್ಟು, ಮುಖದಲ್ಲಿ ಏನಿದೆಯೋ ಅದಕ್ಕೆ ತಕ್ಕ ಬಟನ್ ಒತ್ತಬೇಕು. ಸುಲಭ ಅನ್ನಿಸುತ್ತದೆ. ಆದರೆ ಓದು ಬಂದವರ ಕಣ್ಣು ಅಕ್ಷರ ಕಂಡ ಕೂಡಲೇ ಓದಿಬಿಡುತ್ತದೆ, ತಡೆಯಲು ಆಗುವುದಿಲ್ಲ. ಹಾಗಾಗಿ ಬೆರಳು ಒಂದು ಚೂರು ತಡವಾಗುತ್ತದೆ. ಮುಂದಿನ ಚಿತ್ರದಲ್ಲೂ ಮುಖ ಒಂದು, ಮಾತು ಒಂದು. ಈ ಸಲ ಅಷ್ಟು ತಡವಾಗುವುದಿಲ್ಲ. ಹಿಂದಿನ ಗೊಂದಲದಿಂದಾಗಿ ಮಿದುಳು ಆಗಲೇ ಸ್ವಲ್ಪ ಸಜ್ಜಾಗಿ ಕೂತಿರುತ್ತದೆ. ಹೀಗೆ ಆಯಿತು ಅನ್ನೋದು ಬಟನ್ ಒತ್ತಿದವರಿಗೆ ಗೊತ್ತೂ ಆಗುವುದಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಮಿತ್ ಎಟ್ಕಿನ್ ಮತ್ತು ಸಂಗಡಿಗರು ಈ ಆಟವನ್ನು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್, ಅಂದರೆ ಎಲ್ಲದರ ಬಗ್ಗೆಯೂ ಬಿಡದೆ ಕಾಡುವ ಆತಂಕದ ಕಾಯಿಲೆ, ಇರುವವರಿಗೆ ಆಡಿಸಿದರು, ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನರ್ ಒಳಗೆ ಮಲಗಿಸಿ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಕಾಯಿಲೆ ಇದ್ದವರಿಗೂ ಮುಖ ಗುರುತಿಸಲು ಬರುತ್ತಿತ್ತು. ತಡವಾಗುವುದೂ ಎಲ್ಲರ ಹಾಗೇ ಇತ್ತು. ಇಲ್ಲದೇ ಇದ್ದದ್ದು ಆ ಎರಡನೇ ಸಲದ ಹೊಂದಾಣಿಕೆ. ಆರೋಗ್ಯವಂತರಲ್ಲಿ ಆ ಹೊತ್ತಿಗೆ ಮಿದುಳಿನ ಮುಂಭಾಗದ ನಡುವಿನಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಜಾಗದ ಕೆಳಭಾಗ ಚುರುಕಾಗುತ್ತಿತ್ತು. ಅದು ಚುರುಕಾದಷ್ಟೂ, ಅಪಾಯ ಕಂಡಾಗ ಮೈಯನ್ನು ಎಚ್ಚರಿಸುವ ಅಮಿಗ್ಡಾಲ ಎಂಬ ಮಿದುಳಿನ ಪುಟ್ಟ ಭಾಗ ತಣ್ಣಗಾಗುತ್ತಿತ್ತು. ಕಾಯಿಲೆ ಇದ್ದವರಲ್ಲಿ ಆ ಜಾಗವೂ ಚುರುಕಾಗಲಿಲ್ಲ, ಎರಡರ ನಡುವಿನ ಆ ಕೊಡುಕೊಳ್ಳುವಿಕೆಯೂ ಕಾಣಲಿಲ್ಲ.

ನನಗೂ ಇದೇ ಹೆಸರಿನ ಕಾಯಿಲೆ ಇದೆ. ಅದಕ್ಕೇ ಈ ಅಧ್ಯಯನದ ಬಗ್ಗೆ ಓದಿದಾಗ ಸುಮ್ಮನೆ ಮುಂದಿನ ಪುಟಕ್ಕೆ ಹೋಗಲು ಆಗಲಿಲ್ಲ. ನಮ್ಮ ಕಡೆ ಆತಂಕದವರಿಗೆ ಸಿಗುವ ಸಲಹೆಗಳೆಲ್ಲ ಒಂದೇ ಜಾತಿಯವು. ಧೈರ್ಯ ತಗೋ. ತಲೆ ಕೆಡಿಸ್ಕೋಬೇಡ. ಒಳ್ಳೇದು ಯೋಚನೆ ಮಾಡು. ಮನಸ್ಸು ಗಟ್ಟಿ ಮಾಡ್ಕೋ. ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ, ಬೇಜಾರಿಲ್ಲ. ಆದರೆ ಎಲ್ಲದರಲ್ಲೂ ಒಂದು ನಂಬಿಕೆ ಅಡಗಿದೆ: ಸಮಾಧಾನ ಅಂದರೆ ಮನಸ್ಸು ಮಾಡಿ ಮಾಡಿಕೊಳ್ಳುವಂಥದ್ದು, ಬೇರೆಯವರು ಮಾಡ್ಕೋತಿದ್ದಾರೆ, ನೀನು ಮಾಡ್ಕೋತಿಲ್ಲ. ಎಟ್ಕಿನ್ ಅವರ ಪ್ರಯೋಗ ಹೇಳುವುದು ಬೇರೆಯೇ. ಆ ಆರೋಗ್ಯವಂತರು ಏನೂ ಮಾಡಿಕೊಳ್ಳಲಿಲ್ಲ. ಯಾರೂ ಅವರಿಗೆ ಸಮಾಧಾನ ಮಾಡ್ಕೊಳ್ಳಿ ಅನ್ನಲೂ ಇಲ್ಲ. ಅದು ಆಗಿಹೋಯಿತು. ದಿನವಿಡೀ ನಮ್ಮೊಳಗೆ ನಡೆಯುವ ಸಮಾಧಾನದಲ್ಲಿ ಬಹುಪಾಲು ಹೀಗೆ ಕೇಳದೇ ಆಗುವಂಥದ್ದು ಅಂತ ನನ್ನ ಅನಿಸಿಕೆ. ಕುಕ್ಕರ್ ಸೀಟಿಗೆ ಬೆಚ್ಚುತ್ತೇವೆ, ಮರುಕ್ಷಣ ಮರೆಯುತ್ತೇವೆ. ಬಾಸ್ ಮುಖ ಗಂಟಿಕ್ಕುತ್ತಾರೆ, ಲಿಫ್ಟ್ ಇಳಿಯುವಷ್ಟರಲ್ಲಿ ಅದು ಮಾಸುತ್ತದೆ. ಆತಂಕದವರಿಗೆ ಈ ಮಾಸುವಿಕೆ ಸರಿಯಾಗಿ ಆಗುವುದಿಲ್ಲ. ಆಮೇಲೆ ಅದನ್ನು ಕೈಯಿಂದಲೇ, ಒಂದೊಂದಾಗಿ, ಯೋಚನೆ ಮಾಡಿ ಮಾಡಬೇಕಾಗುತ್ತದೆ. ಸಂಜೆ ಹೊತ್ತಿಗೆ ಸುಸ್ತಾಗದೇ ಇನ್ನೇನು?

ಯೋಚನೆ ಮಾಡಿ ಭಾವನೆಯನ್ನು ಬದಲಿಸುವುದು ಸುಳ್ಳೇನಲ್ಲ. ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ 1990ರ ದಶಕದಿಂದಲೂ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಇದ್ದದ್ದನ್ನೇ ಬೇರೆ ಕಣ್ಣಿನಿಂದ ನೋಡುವುದಕ್ಕೆ ಅವರ ಕಡೆ ರೀಅಪ್ರೈಸಲ್ ಅನ್ನುತ್ತಾರೆ. ಬಾಸ್ ಮುಖ ಗಂಟಿಕ್ಕಿದ್ದು ನನ್ನ ಮೇಲಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ ಮೇಲೆ ಅಂದುಕೊಳ್ಳುವುದು. ಇಂಥ 48 ಸ್ಕ್ಯಾನ್ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ನೋಡಿದಾಗ ಒಂದು ಚಿತ್ರ ಸ್ಪಷ್ಟವಾಯಿತು. ಹಾಗೆ ಅಂದುಕೊಳ್ಳುವಾಗ ಹಣೆಯ ಹಿಂದಿನ, ಪಕ್ಕದ ಭಾಗಗಳು ದುಡಿಯುತ್ತವೆ, ಅಮಿಗ್ಡಾಲದ ಸದ್ದು ಇಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಲೆಕ್ಕ ಹಾಕುವ, ಯೋಜನೆ ಮಾಡುವ ಆ ಮೇಲು-ಪಕ್ಕದ ಭಾಗದಿಂದ ಅಮಿಗ್ಡಾಲಕ್ಕೆ ನೇರ ತಂತುಗಳು ತೀರಾ ಕಡಿಮೆ. ಮಾತು ತಲುಪಬೇಕಾದರೆ ನಡುವಿನ, ಕೆಳಗಿನ ಭಾಗಗಳ ಮೂಲಕ ಸುತ್ತಿ ಬರಬೇಕು. ಅಂದರೆ ಎಟ್ಕಿನ್ ಅವರ ರೋಗಿಗಳಲ್ಲಿ ಸುಮ್ಮನಿದ್ದ ಆ ಜಾಗದ ಆಸುಪಾಸಿನಿಂದಲೇ. ‘ನನಗೆ ಗೊತ್ತು ಏನೂ ಆಗಲ್ಲ ಅಂತ, ಆದರೂ ಎದೆ ಹೊಡ್ಕೋತಿದೆ’ ಎಂದು ಆತಂಕದವರು ಹೇಳುವುದನ್ನು ನೀವು ಕೇಳಿರುತ್ತೀರಿ. ನಾಟಕ ಅಲ್ಲ ಅದು. ಒಂದು ಕಡೆ ಗೊತ್ತಾದದ್ದು ಇನ್ನೊಂದು ಕಡೆಗೆ ತಲುಪಿಲ್ಲ, ಅಷ್ಟೆ.

ಇಷ್ಟು ಹೇಳಿದ ಮೇಲೆ ಸಾಮಾನ್ಯವಾಗಿ ಬರುವ ಉಪಮೆ ಕಾರಿನದ್ದು. ಅಮಿಗ್ಡಾಲ ಆಕ್ಸಿಲರೇಟರ್, ಮುಂಭಾಗದ ಮಿದುಳು ಬ್ರೇಕ್, ಆತಂಕ ಅಂದರೆ ಬ್ರೇಕ್ ಫೇಲ್. ಯೂಟ್ಯೂಬ್ ತುಂಬ ಇದೇ. ನನಗೆ ಈ ಉಪಮೆಯ ಮೇಲೆ ಅಷ್ಟು ಪ್ರೀತಿ ಇಲ್ಲ. ಎರಡು ಕಾರಣಕ್ಕೆ.

ಮೊದಲನೆಯದು, ಎಸ್.ಎಂ. ಎಂಬ ಎರಡಕ್ಷರದಿಂದ ಮಾತ್ರ ವೈದ್ಯಕೀಯ ಜಗತ್ತಿಗೆ ಗೊತ್ತಿರುವ ಒಬ್ಬ ಅಮೆರಿಕನ್ ಮಹಿಳೆ. ಉರ್ಬಾಕ್-ವೀಥ ಎಂಬ ತೀರಾ ಅಪರೂಪದ ಕಾಯಿಲೆಯಿಂದ ಅವರ ಎರಡೂ ಕಡೆಯ ಅಮಿಗ್ಡಾಲ ನಾಶವಾಗಿವೆ. ಸಂಶೋಧಕರು ಅವರನ್ನು ಹಾವುಗಳಿರುವ ಅಂಗಡಿಗೆ ಕರೆದುಕೊಂಡು ಹೋದರು. ಹಾವೆಂದರೆ ಇಷ್ಟವಿಲ್ಲ ಎನ್ನುತ್ತಿದ್ದವರು ಕೈಯಲ್ಲಿ ಹಿಡಿದು ಕುತೂಹಲದಿಂದ ಸವರಿದರು. ಕೆಂಟಕಿಯ ವೇವರ್ಲಿ ಹಿಲ್ಸ್ ಎಂಬ ಹಳೆಯ ಆಸ್ಪತ್ರೆಯಲ್ಲಿ ನಡೆಯುವ ದೆವ್ವದ ಮನೆ ಪ್ರದರ್ಶನಕ್ಕೆ ಕರೆದೊಯ್ದರು. ಉಳಿದವರು ಕಿರುಚುತ್ತಿದ್ದರೆ ಇವರು ಮುಂದೆ ಮುಂದೆ ನಡೆದರು. ಇದೆಲ್ಲ 2011ರಲ್ಲಿ ವರದಿಯಾಯಿತು. ಭಯದ ಗುಂಡಿಯೇ ಇಲ್ಲದ ಮನುಷ್ಯರು ಅಂದುಕೊಂಡರು ಜನ. 2013ರಲ್ಲಿ ಅದೇ ತಂಡದವರು ಇವರಿಗೂ, ಇದೇ ಕಾಯಿಲೆಯ ಇನ್ನಿಬ್ಬರು ಅವಳಿ ಸೋದರಿಯರಿಗೂ ಶೇ. 35ರಷ್ಟು ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಉಸಿರು ಎಳೆಯಲು ಕೊಟ್ಟರು. ಮೂವರಿಗೂ ಪ್ಯಾನಿಕ್ ಅಟ್ಯಾಕ್ ಆಯಿತು. ಅದೇ ಗಾಳಿ ಉಸಿರಾಡಿದ ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ! ಹೊರಗಿನಿಂದ ಬರುವ ಅಪಾಯಕ್ಕೆ ಅಮಿಗ್ಡಾಲ ಬೇಕು. ಉಸಿರು ಕಟ್ಟುವ ದಿಗಿಲು, ಒಳಗಿನಿಂದ ಬರುವುದು, ಅದಿಲ್ಲದೆಯೂ ಬರುತ್ತದೆ. ಅಮಿಗ್ಡಾಲದ ಬಗ್ಗೆ ಜಗತ್ತಿಗೆ ತಿಳಿಸಿಕೊಟ್ಟ ನ್ಯೂಯಾರ್ಕ್‌ನ ನರವಿಜ್ಞಾನಿ ಜೋಸೆಫ್ ಲೆಡೂ ಅವರೇ ಈಗ ಅದನ್ನು ಭಯದ ಕೇಂದ್ರ ಎಂದು ಕರೆಯಬೇಡಿ ಅನ್ನುತ್ತಾರೆ. ಅಪಾಯಕ್ಕೆ ಮೈ ಸಜ್ಜಾಗುವುದು ಒಂದು, ಹೆದರಿಕೆ ಎಂದು ಅನುಭವಕ್ಕೆ ಬರುವುದು ಇನ್ನೊಂದು ಎಂಬುದು ಅವರ ವಾದ.

ಎರಡನೆಯ ಕಾರಣ ನನ್ನ ಸ್ವಂತದ್ದು. ನನ್ನ ಆತಂಕದಲ್ಲಿ ಬ್ರೇಕ್ ಎನ್ನುವ ಭಾಗವೇ ಎಷ್ಟು ಸಲ ಪೆಟ್ರೋಲ್ ಹಾಕುತ್ತದೆ ಗೊತ್ತಾ? ಚಿಂತೆ ಮಾಡುವುದಕ್ಕೆ ಬುದ್ಧಿ ಬೇಕು. ‘ಅಕಸ್ಮಾತ್ ಹೀಗಾದರೆ?’ ಅನ್ನುವುದಕ್ಕೆ ಭಾಷೆ, ಕಲ್ಪನೆ, ನಾಳೆಯ ಲೆಕ್ಕ ಎಲ್ಲ ಬೇಕು. ಇವೆಲ್ಲ ಮುಂಭಾಗದ ಮಿದುಳಿನ ಸಾಮಾನು. ಚಿಂತೆಯ ಬಗ್ಗೆ ಬದುಕಿಡೀ ಅಧ್ಯಯನ ಮಾಡಿದ ಥಾಮಸ್ ಬೋರ್ಕೊವೆಕ್ ಅವರ ಒಂದು ಮಾತು ನನಗೆ ಬಹಳ ನಿಜ ಅನ್ನಿಸಿದೆ. ಚಿಂತೆ ಚಿತ್ರಗಳಲ್ಲಿ ಬರುವುದಿಲ್ಲ, ಹೆಚ್ಚಾಗಿ ಮಾತುಗಳಲ್ಲಿ ಬರುತ್ತದೆ. ಭಯಾನಕವಾದದ್ದನ್ನು ಕಣ್ಣೆದುರು ಕಾಣುವುದರಿಂದ ತಪ್ಪಿಸಿಕೊಳ್ಳಲು ನಾವು ಅದರ ಬಗ್ಗೆ ಒಳಗೊಳಗೇ ಮಾತಾಡುತ್ತಾ ಇರುತ್ತೇವೆ. ಮನಶ್ಶಾಸ್ತ್ರಜ್ಞರಾದ ಮಿಷೆಲ್ ನ್ಯೂಮನ್ ಮತ್ತು ಸಾಂಡ್ರಾ ಲೆರಾ 2011ರಲ್ಲಿ ಇದನ್ನು ಇನ್ನೊಂದು ಬದಿಯಿಂದ ನೋಡಿದರು. ಆತಂಕದವರು ಮೊದಲೇ ಕಳವಳದಲ್ಲಿ ಇದ್ದುಬಿಡುತ್ತಾರೆ, ಯಾಕೆಂದರೆ ಖುಷಿಯಲ್ಲಿದ್ದಾಗ ಧೊಪ್ಪನೆ ಬೀಳುವುದು ಅವರಿಗೆ ಹೆಚ್ಚು ಕಷ್ಟ. ಇದಕ್ಕೆ ಪ್ರಬಂಧವೇ ಬೇಕಾಗಿರಲಿಲ್ಲ. ‘ಅಷ್ಟು ನಗಬೇಡ, ಆಮೇಲೆ ಅಳ್ಬೇಕಾಗುತ್ತೆ’ ಅಂತ ನಮ್ಮಜ್ಜಿ ಮನೆಯಲ್ಲಿ ದಿನಾ ಹೇಳುತ್ತಿದ್ದರು. ಮಕ್ಕಳು ಅತಿಯಾಗಿ ನಕ್ಕಾಗ ಅಜ್ಜಿಯ ಮುಖದಲ್ಲಿ ನಿಜಕ್ಕೂ ಗಾಬರಿ ಇರುತ್ತಿತ್ತು. ಅವರಿಗೂ ಇದೇ ಇತ್ತೇನೋ, ಯಾರು ಬಲ್ಲರು, ಆ ಕಾಲದಲ್ಲಿ ಅದಕ್ಕೆ ‘ಸೂಕ್ಷ್ಮ ಸ್ವಭಾವ’ ಅನ್ನುತ್ತಿದ್ದರು.

ಇನ್ನು ತಂತುಗಳ ವಿಷಯ. ಮಿದುಳಿನ ಭಾಗಗಳ ನಡುವಿನ ನಂಟಿಗೆ ಕನೆಕ್ಟಿವಿಟಿ ಅನ್ನುತ್ತಾರೆ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ. ಒಂದು, ಎರಡು ಜಾಗಗಳ ಚಟುವಟಿಕೆ ಒಟ್ಟಿಗೆ ಏರಿಳಿಯುವುದು. ಭರತ್ ಬಿಸ್ವಾಲ್ ಎಂಬ ವಿದ್ಯಾರ್ಥಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಗ 1995ರಲ್ಲಿ ಒಂದು ಚಿಕ್ಕ ಲೇಖನ ಬರೆದರು. ಏನೂ ಮಾಡದೇ ಸುಮ್ನೆ ಮಲಗಿದ್ದಾಗಲೂ ಎಡಗೈ ಮತ್ತು ಬಲಗೈಯನ್ನು ನಡೆಸುವ ಭಾಗಗಳ ಏರಿಳಿತ ಒಂದಕ್ಕೊಂದು ಹೊಂದುತ್ತದೆ ಎಂದು ತೋರಿಸಿದರು. ಆಗ ಬಹಳ ಮಂದಿ ಅದನ್ನು ಬರೀ ಗದ್ದಲ ಅಂದುಕೊಂಡಿದ್ದರು. ಇವತ್ತು ಆ ಗದ್ದಲವೇ ಒಂದು ದೊಡ್ಡ ಕ್ಷೇತ್ರ. ಇನ್ನೊಂದು, ನಿಜವಾದ ನರತಂತುಗಳ ಕಟ್ಟು. ಅಮಿಗ್ಡಾಲದ ಕಡೆಯಿಂದ ಹಣೆಯ ಕೆಳಭಾಗಕ್ಕೆ ಕೊಕ್ಕೆಯ ಹಾಗೆ ಬಾಗಿ ಹೋಗುವ ಒಂದು ಕಟ್ಟಿದೆ, ಅನ್ಸಿನೇಟ್ ಫ್ಯಾಸಿಕ್ಯುಲಸ್. ತಂತುಗಳ ಉದ್ದಕ್ಕೆ ನೀರಿನ ಕಣಗಳು ಹೇಗೆ ಹರಿದಾಡುತ್ತವೆ ಎಂದು ಅಳೆಯುವ ಒಂದು ಬಗೆಯ ಎಂಆರ್‌ಐ ಇದೆ. ಅದರಲ್ಲಿ ನೋಡಿದಾಗ, ಜನರಲೈಸ್ಡ್ ಆಂಗ್ಸೈಟಿ ಇರುವವರಲ್ಲಿ ಈ ಕಟ್ಟು ಅಷ್ಟು ಗಟ್ಟಿಯಾಗಿ ಕಾಣಲಿಲ್ಲ ಎಂದು 2012ರ ಒಂದು ಅಧ್ಯಯನ ಹೇಳಿತು. ಸೋಷಿಯಲ್ ಆಂಗ್ಸೈಟಿ, ಅಂದರೆ ಜನರ ಎದುರು ಬರುವ ಆತಂಕ, ಇರುವವರಲ್ಲೂ ಹೀಗೇ ಎಂದು 2009ರಲ್ಲೇ ಒಂದು ವರದಿ ಬಂದಿತ್ತು. ಈ ತಂತು ತೆಳುವಾದ್ದರಿಂದ ಆತಂಕ ಬಂತೋ, ವರ್ಷಗಟ್ಟಲೆ ಆತಂಕಪಟ್ಟು ತಂತು ಹೀಗಾಯಿತೋ, ಒಂದು ಸಲದ ಫೋಟೋ ಅದನ್ನು ಹೇಳಲಾರದು.

ಆ ಪ್ರಶ್ನೆಗೆ ಮನುಷ್ಯರಲ್ಲಿ ಉತ್ತರ ಹುಡುಕುವುದು ಕಷ್ಟ. ಇಲಿಗಳಲ್ಲಿ ಹುಡುಕಿದವರು ನಮ್ಮ ಬೆಂಗಳೂರಿನವರೇ. ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಪ್ರಕಟಿಸಿದ ಕೆಲಸ ಜಗತ್ತಿನಾದ್ಯಂತ ಇವತ್ತಿಗೂ ಉಲ್ಲೇಖವಾಗುತ್ತದೆ. ಇಲಿಗಳನ್ನು ದಿನಕ್ಕೆ 2 ಗಂಟೆ ಅಲುಗಾಡದ ಹಾಗೆ ಇಟ್ಟರು, 10 ದಿನ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದವು. ಅದು ಮೊದಲೇ ಗೊತ್ತಿದ್ದ ವಿಷಯ. ಆದರೆ ಅಮಿಗ್ಡಾಲದಲ್ಲಿ ಕವಲುಗಳು ಬೆಳೆದವು! ಒತ್ತಡ ಎಲ್ಲವನ್ನೂ ಒಣಗಿಸುವುದಿಲ್ಲ, ಕೆಲವು ಕಡೆ ಚೆನ್ನಾಗಿ ಚಿಗುರಿಸುತ್ತದೆ. 2004ರಲ್ಲಿ ಅದೇ ಪ್ರಯೋಗಶಾಲೆಯಿಂದ ಬಂದ ಮುಂದಿನ ಕಂತು ಇನ್ನೂ ಕಠಿಣ. 21 ದಿನ ಇಲಿಗಳನ್ನು ಆರಾಮಾಗಿ ಬಿಟ್ಟರು. ಹಿಪೊಕ್ಯಾಂಪಸ್ ಮೊದಲಿನಂತಾಯಿತು. ಅಮಿಗ್ಡಾಲ ಆಗಲಿಲ್ಲ, ಇಲಿಗಳ ಆತಂಕವೂ ಇಳಿಯಲಿಲ್ಲ. ಇಲಿ ಇಲಿಯೇ, ಮನುಷ್ಯ ಮನುಷ್ಯನೇ, ಸರಿ. ಆದರೂ ‘ಒಂದು ವಾರ ರಜೆ ಹಾಕಿ ಚಿಕ್ಕಮಗಳೂರಿಗೆ ಹೋಗಿ ಬಾ, ಎಲ್ಲ ಸರಿಹೋಗುತ್ತೆ’ ಎಂದು ಯಾರಾದರೂ ಅಂದಾಗ ನನಗೆ ಆ ಇಲಿಗಳೇ ನೆನಪಾಗುತ್ತವೆ. ವಿಶ್ರಾಂತಿ ಬೇಕು. ಬರೀ ವಿಶ್ರಾಂತಿಯಿಂದ ಆಗುವ ಕೆಲಸವಲ್ಲ ಇದು.

ಹಾಗಾದರೆ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತಲ್ವಾ? ಈ ಪ್ರಶ್ನೆಯನ್ನು ನಾನೇ ನನ್ನ ಡಾಕ್ಟರ್‌ಗೆ ಕೇಳಿದ್ದೆ. ನಕ್ಕರು. ನಮ್ಮವರಿಗೆ ರಿಪೋರ್ಟ್ ಕೈಗೆ ಬಂದರೆ ಕಾಯಿಲೆ ನಿಜ ಅನ್ನಿಸುತ್ತದೆ, ಮನೆಯವರಿಗೂ ತೋರಿಸಬಹುದು. ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಮೇಲೆ ಹೇಳಿದ ಎಲ್ಲವೂ ಗುಂಪುಗಳ ಸರಾಸರಿ. ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಆತಂಕದ ಕಾಯಿಲೆ ಇದೆ ಅಥವಾ ಇಲ್ಲ ಎಂದು ಹೇಳಲು ಇವತ್ತಿಗೂ ಆಗುವುದಿಲ್ಲ. ಈ ಕ್ಷೇತ್ರಕ್ಕೆ ಮುಜುಗರಗಳೂ ಆಗಿವೆ. ಸತ್ತ ಸಾಲ್ಮನ್ ಮೀನನ್ನು ಮಿದುಳಿನ ಚಟುವಟಿಕೆ ಅಳೆಯುವ ಎಫ್‌ಎಂಆರ್‌ಐ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಲೆಕ್ಕವನ್ನು ಬೇಕೆಂತಲೇ ಸಡಿಲವಾಗಿ ಮಾಡಿದರೆ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಾಣುತ್ತದೆ ಎಂದು 2009ರಲ್ಲಿ ಕೆಲವರು ತೋರಿಸಿದರು. 2012ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ. ನಗು ಬಿಟ್ಟು ನೋಡಿದರೆ, 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಗಂಭೀರವಾದದ್ದು. ಮಿದುಳಿನ ರಚನೆಗೂ ಜನರ ಸ್ವಭಾವಕ್ಕೂ ಇರುವ ನಂಟನ್ನು ನಂಬುವಂತೆ ಹೇಳಲು ಸಾವಿರಾರು ಜನರ ಸ್ಕ್ಯಾನ್ ಬೇಕು ಎಂದಿತು ಅದು. ಹಳೆಯ ಅಧ್ಯಯನಗಳಲ್ಲಿ ಇದ್ದದ್ದು ಹತ್ತಾರು ಜನ. ಹಾಗಂತ ಎಲ್ಲ ಸುಳ್ಳು ಎಂದಲ್ಲ. ಎಟ್ಕಿನ್ ಅವರ ಆಟದಂತೆ ಒಂದೇ ಪ್ರಶ್ನೆಯನ್ನು ಚೂಪಾಗಿ ಕೇಳುವ ಪ್ರಯೋಗಗಳ ಬೆಲೆ ಬೇರೆ. ಆದರೂ ನಾನು ಈಗ ‘ಮಿದುಳಿನಲ್ಲಿ ಕಂಡುಬಂತು’ ಎನ್ನುವ ಸುದ್ದಿಯನ್ನು ಓದುವಾಗ ಮೊದಲು ಎಷ್ಟು ಜನ ಎಂದು ನೋಡುತ್ತೇನೆ.

ಓಂಕಾರದ ವಿಷಯದಲ್ಲೂ ಹಾಗೇ ನೋಡಿದೆ. ನಿಮ್ಹಾನ್ಸ್‌ನವರು 2011ರಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದ್ದರು. ಸ್ಕ್ಯಾನರ್ ಒಳಗೆ ಗಟ್ಟಿಯಾಗಿ ಓಂ ಹೇಳುವಾಗ ಅಮಿಗ್ಡಾಲ ಸೇರಿದಂತೆ ಭಾವನೆಗೆ ಸಂಬಂಧಪಟ್ಟ ಹಲವು ಭಾಗಗಳ ಚಟುವಟಿಕೆ ಇಳಿಯಿತು. ‘ಸ್ಸ್ಸ್’ ಎಂದು ಸದ್ದು ಮಾಡಿದಾಗ ಇಳಿಯಲಿಲ್ಲ. ಕುತೂಹಲದ ವಿಷಯವೇ. ಆದರೆ ಇದ್ದವರು 12 ಜನ, ಎಲ್ಲರೂ ಆರೋಗ್ಯವಂತರು, ಬರೆದವರೇ ಅದನ್ನು ಪೈಲಟ್ ಅಧ್ಯಯನ ಎಂದು ಕರೆದುಕೊಂಡಿದ್ದಾರೆ. ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಬರುವಷ್ಟರಲ್ಲಿ ಇಂಥವೆಲ್ಲ ‘ಆತಂಕಕ್ಕೆ ಶಾಶ್ವತ ಪರಿಹಾರ, ನಾಸಾ ದೃಢಪಡಿಸಿದೆ’ ಆಗಿರುತ್ತವೆ. ಓಂ ಹೇಳಿದರೆ ನನಗೂ ಹಿತವಾಗುತ್ತದೆ. ನಾಸಾ ಯಾಕೆ ಬೇಕು?

ನಿದ್ದೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2007ರಲ್ಲಿ ಒಂದಷ್ಟು ಆರೋಗ್ಯವಂತ ಯುವಕ ಯುವತಿಯರನ್ನು ಸುಮಾರು 35 ಗಂಟೆ ಎಚ್ಚರವಿರಿಸಿ ಕೆಟ್ಟ ಚಿತ್ರಗಳನ್ನು ತೋರಿಸಿದರು. ನಿದ್ದೆ ಮಾಡಿದವರಿಗಿಂತ ಅವರ ಅಮಿಗ್ಡಾಲ ಶೇ. 60ರಷ್ಟು ಜಾಸ್ತಿ ಹಾರಾಡಿತು, ಮುಂಭಾಗದ ನಡುವಿನ ಜಾಗದ ಜೊತೆ ಅದರ ನಂಟು ಸಡಿಲವಾಗಿತ್ತು. ಕಾಯಿಲೆಯೇ ಇಲ್ಲದವರ ಪಾಡು ಇದು, ಒಂದು ರಾತ್ರಿಗೆ. ಆತಂಕದಿಂದ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಆತಂಕ ಏರುತ್ತದೆ. ರಾತ್ರಿ ಮೂರು ಗಂಟೆಗೆ ಬರುವ ಯೋಚನೆಗಳಿಗೆ ಬೆಳಿಗ್ಗೆ ತನಕ ಉತ್ತರ ಕೊಡಬೇಡಿ ಎಂದು ನನ್ನ ಥೆರಪಿಸ್ಟ್ ಹೇಳಿದ್ದು ಇದಕ್ಕೇ ಇರಬೇಕು.

ಈಗ, ಕೇಳದೇ ಆಗಬೇಕಾದದ್ದು ಆಗುತ್ತಿಲ್ಲ ಎಂದರೆ ಅದನ್ನು ಕಲಿಸುವುದು ಹೇಗೆ? ಉಪದೇಶದಿಂದ ಆಗುವುದಿಲ್ಲ. ಮೈಗೆ ಕಲಿಸಬೇಕು. 2012ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೇಡ ಕಂಡರೆ ಹೆದರುವ 88 ಜನರನ್ನು ಒಂದು ದೊಡ್ಡ ಜೀವಂತ ಜೇಡದ ಹತ್ತಿರ ಕರೆದುಕೊಂಡು ಹೋದರು. ಕೆಲವರಿಗೆ, ನಿಮಗೆ ಅನ್ನಿಸುತ್ತಿರುವುದನ್ನು ಇದ್ದ ಹಾಗೇ ಬಾಯಿಬಿಟ್ಟು ಹೇಳಿ ಎಂದರು. ಈ ಅಸಹ್ಯ ಜೇಡ ಮೈಮೇಲೆ ಹಾರುತ್ತೆ ಅಂತ ಹೆದರಿಕೆ ಆಗ್ತಿದೆ, ಹೀಗೆ. ಕೆಲವರಿಗೆ ಒಳ್ಳೆಯ ರೀತಿಯಲ್ಲಿ ಯೋಚಿಸಿ ಎಂದರು, ಇದು ಸಾಧು ಪ್ರಾಣಿ, ಪಂಜರದಲ್ಲಿದೆ, ಏನೂ ಮಾಡಲ್ಲ. ಕೆಲವರಿಗೆ ಬೇರೇನಾದರೂ ಮಾತಾಡಿ ಎಂದರು. ಉಳಿದವರು ಸುಮ್ಮನೆ ಎದುರು ನಿಂತರು. ಒಂದು ವಾರ ಬಿಟ್ಟು ಮತ್ತೆ ಜೇಡದ ಮುಂದೆ ನಿಲ್ಲಿಸಿದಾಗ, ಹೆದರಿಕೆಯನ್ನು ಹೆಸರಿಟ್ಟು ಹೇಳಿದ್ದವರ ಅಂಗೈ ಎಲ್ಲರಿಗಿಂತ ಕಡಿಮೆ ಬೆವರಿತು. ಎಷ್ಟು ಹೆದರಿಕೆ ಆಯಿತು ಎಂದು ಕೇಳಿದರೆ ಮಾತ್ರ ಅವರೂ ಉಳಿದವರಷ್ಟೇ ಎಂದರು. ಬಾಯಿಗೆ ಇನ್ನೂ ಗೊತ್ತಾಗಿರಲಿಲ್ಲ, ಅಂಗೈಗೆ ಗೊತ್ತಾಗಿತ್ತು. ನನಗೆ ಬಹಳ ಇಷ್ಟವಾದ ಫಲಿತಾಂಶ ಇದು. ‘ಹೆದ್ರಿಕೆ ಗಿದ್ರಿಕೆ ಅನ್ನಬೇಡ, ಅಪಶಕುನ’ ಎಂದು ಬಾಯಿ ಮುಚ್ಚಿಸುವವರಿಗೆ ಇದನ್ನು ಓದಿ ಹೇಳಬೇಕು.

ಹೀಗೆ ಹೆದರಿಕೆಗೆ ಎದುರು ನಿಲ್ಲಿಸುವುದನ್ನು ಎಕ್ಸ್‌ಪೋಷರ್ ಅನ್ನುತ್ತಾರೆ. ಆತಂಕದ ಚಿಕಿತ್ಸೆಯಲ್ಲಿ ಗಟ್ಟಿ ಆಧಾರ ಇರುವ ವಿಧಾನಗಳಲ್ಲಿ ಇದೂ ಒಂದು. ನಾನು ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ, ಅದರ ಬಗ್ಗೆ ನನಗೆ ಸಂಕೋಚವಿಲ್ಲ. ಎಕ್ಸ್‌ಪೋಷರ್ ಕೆಲಸ ಮಾಡುವ ರೀತಿಯಲ್ಲಿ ಒಂದು ತೊಡಕಿದೆ. ಹಳೆಯ ಭಯ ಅಳಿಸಿಹೋಗುವುದಿಲ್ಲ. ನಾಯಿಗಳ ಮೇಲೆ ಪ್ರಯೋಗ ಮಾಡಿದ ರಷ್ಯಾದ ವಿಜ್ಞಾನಿ ಪಾವ್ಲೋವ್ ಕಾಲದಿಂದಲೂ ಇದು ಗೊತ್ತು. ಆರಿದೆ ಅಂದುಕೊಂಡದ್ದು ಕೆಲವು ದಿನ ಬಿಟ್ಟು ತಾನಾಗಿ ಮರಳುತ್ತದೆ. ಅದರ ಪಕ್ಕದಲ್ಲಿ ‘ಇಲ್ಲಿ ಏನೂ ಆಗಲಿಲ್ಲ’ ಎಂಬ ಹೊಸ ಕಲಿಕೆ ಕೂರುತ್ತದೆ, ಅಷ್ಟೆ. 2002ರಲ್ಲಿ ಮಿಲಾದ್ ಮತ್ತು ಕ್ವಿರ್ಕ್ ಎಂಬ ಸಂಶೋಧಕರು ಇಲಿಗಳ ಮುಂಭಾಗದ ಮಿದುಳಿನ ನಡುವೆ ಈ ಹೊಸ ಕಲಿಕೆಯ ನೆನಪಿಗೆ ಮಿಡಿಯುವ ನರಕೋಶಗಳನ್ನು ಹಿಡಿದರು. ಆದರೆ ಈ ಹೊಸ ಕಲಿಕೆ ಜಾಗಕ್ಕೆ ಅಂಟಿಕೊಳ್ಳುತ್ತದೆ. ಒಂದು ಲಿಫ್ಟಿನಲ್ಲಿ ಕಲಿತದ್ದು ಇನ್ನೊಂದು ಲಿಫ್ಟಿನಲ್ಲಿ ನೆನಪಾಗದೇ ಇರಬಹುದು. ಅದಕ್ಕೇ ಒಳ್ಳೆಯ ಥೆರಪಿಸ್ಟ್‌ಗಳು ಜಾಗ ಬದಲಿಸಿ, ಹೊತ್ತು ಬದಲಿಸಿ, ಮತ್ತೆ ಮತ್ತೆ ಮಾಡಿಸುತ್ತಾರೆ.

ಇಷ್ಟೆಲ್ಲ ಸಿಗುವುದು ಎಷ್ಟು ಜನಕ್ಕೆ? ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಎಷ್ಟೋ ಜನ ಗ್ಯಾಸ್ಟ್ರಿಕ್ ಎಂದೋ, ಹಾರ್ಟ್ ಎಂದೋ ಇಸಿಜಿ ಮಾಡಿಸಿಕೊಂಡು ‘ಎಲ್ಲ ನಾರ್ಮಲ್, ಟೆನ್ಷನ್ ಕಮ್ಮಿ ಮಾಡಿ’ ಎನ್ನಿಸಿಕೊಂಡು ಮನೆಗೆ ಬರುತ್ತಾರೆ. 2022ರಿಂದ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಷ್ಟಾದರೂ ಇದೆ.

ನನ್ನ ಜೇಡ ಯಾವುದು ಅಂದರೆ, ಎತ್ತದ ಫೋನ್. ಯಜಮಾನರು ಕೆಲಸದ ಮೇಲೆ ಆಗಾಗ ಮಂಗಳೂರಿಗೆ ಕಾರಿನಲ್ಲಿ ಹೋಗುತ್ತಾರೆ. ರಿಂಗ್ ಆಗಿ ಎತ್ತದಿದ್ದರೆ ನನ್ನ ತಲೆಯಲ್ಲಿ ಆಂಬುಲೆನ್ಸ್ ಹೊರಟಾಗಿರುತ್ತದೆ. ಮೊದಲು ಎತ್ತುವವರೆಗೂ ಮಾಡುತ್ತಲೇ ಇರುತ್ತಿದ್ದೆ, ಎತ್ತಿದ ಮೇಲೆ ಹಾಯೆನಿಸುತ್ತಿತ್ತು, ಮುಂದಿನ ಸಲ ಇನ್ನೂ ಬೇಗ ಗಾಬರಿಯಾಗುತ್ತಿತ್ತು. ಆ ಹಾಯೆನಿಸುವುದೇ ತೊಂದರೆ ಎಂದರು ಥೆರಪಿಸ್ಟ್. ಎರಡನೇ ಸಲ ಫೋನ್ ಮಾಡದೇ ಇದ್ದು, ಏನೂ ಆಗಲಿಲ್ಲ ಎನ್ನುವುದನ್ನು ಮೈ ಕಲಿಯಲು ಬಿಡಬೇಕಂತೆ. ‘ಅಪಘಾತ ಆಗಿದೆ ಅಂತ ಹೆದರಿಕೆ ಆಗ್ತಿದೆ’ ಎಂದು ಗಟ್ಟಿಯಾಗಿ ಹೇಳಬೇಕು, ಬೇಕಿದ್ದರೆ ಬರೆಯಬೇಕು, ಆಮೇಲೆ ಪಾತ್ರೆ ತೊಳೆಯಬಹುದು. ಊರೊಳಗೆ, ಹಗಲು ಹೊತ್ತು, ಈಗ ಇದು ಒಂದು ಮಟ್ಟಿಗೆ ಬರುತ್ತದೆ. ಮಗಳು ಕಾಲೇಜಿನಿಂದ ತಡವಾದಾಗಲೂ ಪರವಾಗಿಲ್ಲ. ರಾತ್ರಿ, ಮಳೆ, ಸಕಲೇಶಪುರ ದಾಟಿ ನೆಟ್‌ವರ್ಕ್ ಇಲ್ಲದ ಶಿರಾಡಿ ಘಾಟಿಗೆ ಮಾತ್ರ ಇನ್ನೂ ಬೇರೆಯೇ ಅಭ್ಯಾಸ ಬೇಕು. ಮೊನ್ನೆ ಅವರು ಘಾಟಿ ಇಳಿಯುತ್ತಿದ್ದಾಗ ಒಂದು ಸಲ ಮಾಡಿದೆ, ನಾಟ್ ರೀಚಬಲ್ ಎಂದಿತು. ಎರಡನೇ ಸಲ ಮಾಡಲಿಲ್ಲ. ಮಗಳ ಕೈಲಿ ಮಾಡಿಸಿದೆ. ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಥೆರಪಿಸ್ಟ್ ಖಡಾಖಂಡಿತವಾಗಿ ಹೇಳಿದ್ದಾರೆ, ಮುಂದಿನ ವಾರದಿಂದ ಮಗಳಿಗೂ ಹೋಂವರ್ಕ್ ಇದೆ.